ತಿಪಟೂರಿನಲ್ಲಿ ಸಮುದ್ರ ಉಳಿಸಿದ್ದು

ನಾನು ಸಮುದ್ರವನ್ನು ಇದುವರೆಗೆ ನೋಡಿಲ್ಲ. ಆದರೆ ಒಮ್ಮೆ ಅದನ್ನು ಉಳಿಸಿದ್ದೇನೆ. ಉಳಿಸುವವರು ನೋಡಿರಲೇಬೇಕೆಂಬ ನಿಯಮವೇನೂ ಇಲ್ಲವಲ್ಲ.

ತೊಂಬತ್ತರ ದಶಕದ ಕೊನೆ. ಮೇಷ್ಟರಾದ ನಾನು ಸ್ಕೂಲು ಬಿಟ್ಟೊಡನೆ ಕಾಫಿಗೆ ಹೋಗುತ್ತಿದ್ದುದು ಕೊಬ್ಬರಿ ಮಂಡಿಯ ಪಕ್ಕದ ರುದ್ರಣ್ಣನ ಹೋಟೆಲಿಗೆ. ಅವನು ಕರಾವಳಿಯಲ್ಲಿ ಹೋಟೆಲ್ ಮಾಲೀಕರ ಸಭೆಗೆ ಹೋಗಿ ಬಂದವನೇ ನನ್ನ ಮುಂದೆ ಒಂದು ಅರ್ಜಿ ಹರವಿದ. ಪ್ಲಾಸ್ಟಿಕ್ ಕಡಿಮೆ ಮಾಡಿ ಸಮುದ್ರ ಉಳಿಸುವ ಹೋಟೆಲಿಗೆ ಮಾಲೀಕರ ಸಂಘದವರು ಪ್ರಶಸ್ತಿಪತ್ರ ಕೊಡುತ್ತಾರಂತೆ. ಅಲ್ಲಿನ ಹೋಟೆಲುಗಳಲ್ಲೆಲ್ಲ ಅದು ಗಲ್ಲಾದ ಹಿಂದಿನ ಗೋಡೆಯ ಮೇಲೆ ಇತ್ತಂತೆ.

“ತುಂಬ್ಕೊಡಿ ಮೇಷ್ಟ್ರೇ. ನಮ್ಮಲ್ಲೂ ಒಂದು ನೇತಾಕನ.”

ಮೊದಲ ಪ್ರಶ್ನೆಗೇ ಎಡವಿದೆವು. ಹಿಂದೆ ಎಷ್ಟು ಪ್ಲಾಸ್ಟಿಕ್ ಬಳಸುತ್ತಿದ್ದಿರಿ, ಈಗ ಎಷ್ಟು ಇಳಿಸಿದ್ದೀರಿ? ರುದ್ರಣ್ಣನಲ್ಲಿ ಊಟ ಬಾಳೆಯೆಲೆಯಲ್ಲಿ, ಕಾಫಿ ಸ್ಟೀಲ್ ಲೋಟದಲ್ಲಿ, ಒಲೆಗೆ ತೆಂಗಿನ ಕರಟ, ತಿಕ್ಕುವುದಕ್ಕೆ ಬೂದಿ ಮತ್ತು ತೆಂಗಿನ ನಾರು. ತಿಕ್ಕುತ್ತಿದ್ದವರು ಪುಟ್ಟಕ್ಕ. ಅವರು ತೊಳೆದಿಟ್ಟ ಲೋಟದಲ್ಲಿ ಮುಖ ನೋಡಿಕೊಂಡು ನಾನು ಮೀಸೆ ತಿದ್ದಿಕೊಂಡದ್ದುಂಟು. ಎರಡು ಖಾನೆಗೂ ಸೊನ್ನೆ ಬರೆದು ಕಳಿಸಿದೆ. ‘ಯಾವುದೇ ಸುಧಾರಣೆ ಕಂಡುಬಂದಿಲ್ಲ’ ಎಂಬ ಷರಾದೊಂದಿಗೆ ಅರ್ಜಿ ವಾಪಸಾಯಿತು.

ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಮೇಷ್ಟರ ಬಾಯಿ ಕೇಳಬೇಕಲ್ಲ! “ಸುಧಾರಿಸಬೇಕಾದ್ರೆ ಮೊದ್ಲು ಕೆಡಬೇಕಲ್ಲ ರುದ್ರಣ್ಣ” ಎಂದುಬಿಟ್ಟೆ. ಮುಂದಿನ ವಾರವೇ ಪ್ಲಾಸ್ಟಿಕ್ ಲೋಟ, ಪ್ಲಾಸ್ಟಿಕ್ ತಟ್ಟೆ ಬಂದವು. ತೊಳೆಯುವುದಕ್ಕೇ ಏನೂ ಉಳಿಯದೆ ಪುಟ್ಟಕ್ಕನ ಕೆಲಸ ಹೋಯಿತು. ಎಲ್ಲ ಸಮುದ್ರಕ್ಕೋಸ್ಕರ ಎಂದು ಅವರಿಗೆ ತಿಳಿಹೇಳುವ ಭಾರವೂ ನನ್ನ ಮೇಲೇ ಬಿತ್ತು.

“ನಾನು ಲೋಟ ತೊಳುದ್ರೆ ಅದ್ಯಾವ ಸಮುದ್ರ ಕೆಟ್ಟೋಗ್ತದೆ, ಹೇಳಿ ಮೇಷ್ಟ್ರೇ?” ಎಂದರು ಪುಟ್ಟಕ್ಕ.

ಪುರಾಣದಲ್ಲಿ ಒಬ್ಬ ಋಷಿ ಇಡೀ ಸಮುದ್ರವನ್ನು ಬೊಗಸೆಯಲ್ಲೇ ಕುಡಿದನಂತೆ. ಅಷ್ಟು ನೀರಿಗೂ ಅವನು ಲೋಟ ಕೇಳಲಿಲ್ಲವೆಂಬುದು ಆಗಲೇ ನೆನಪಾಗಿ ನಾಚಿಕೆಯಾಯಿತು.

ಎರಡು ತಿಂಗಳು ಶ್ರದ್ಧೆಯಿಂದ ಕೆಟ್ಟೆವು. ಮಂಡಿಗೆ ಬಂದವರು ಕಾಫಿ ಕುಡಿದು ಎಸೆದ ಲೋಟಗಳು ಗಾಳಿಗೆ ಹಾರಿ ಕೆರೆ ಸೇರಿದವು. ಸಮುದ್ರ ದೂರವಲ್ಲವೇ, ಅವಾದರೂ ಏನು ಮಾಡಿಯಾವು! ಆಮೇಲೆ ಪ್ಲಾಸ್ಟಿಕ್ ನಿಲ್ಲಿಸಿ ಹೊಸ ಅರ್ಜಿ ಹಾಕಿದೆವು. ನೋಡಲು ಬರುತ್ತೇವೆಂದು ಕಾಗದ ಬಂತು. ಅಟ್ಟದಿಂದ ಇಳಿಸಿದ ಸ್ಟೀಲ್ ಲೋಟಗಳೋ ಮಂಕು ಹಿಡಿದು ಕೂತಿದ್ದವು. ಇಬ್ಬರೂ ಪುಟ್ಟಕ್ಕನ ಬಾಗಿಲಿಗೆ ಹೋಗಿ ನಿಂತೆವು.

“ಬತ್ತೀನಿ, ಬುಡಿ. ಮೊದ್ಲು ನೀವಿಬ್ರೂ ಕೆರೆಗಿಳಿದು ಆ ಲೋಟ ಎಲ್ಲಾ ಆಯ್ಕೊಂಡ್ ಬನ್ನಿ. ನಮ್ಮೆಮ್ಮೆ ನೀರು ಕುಡಿಯೋದು ಅಲ್ಲೇ ಕಣ್ರೀ.”

ಪಂಚೆ ಎತ್ತಿ ಕಟ್ಟಿ ಇಳಿದೆವು. ಮೊಣಕಾಲುದ್ದದ ಕೆಸರಿನಲ್ಲಿ, ಊರಿನ ಅರ್ಧ ಜನರ ಎದುರಿಗೆ.

ಸಂಘದಿಂದ ಬಂದವರು ಫಳಫಳಿಸುವ ಲೋಟಗಳನ್ನು ನೋಡಿ, ಇಷ್ಟು ಬೇಗ ಸುಧಾರಿಸಿದ ಹೋಟೆಲನ್ನು ಎಲ್ಲೂ ಕಂಡಿಲ್ಲ ಎಂದರು. ಪ್ರಶಸ್ತಿಪತ್ರವೂ ಬಂತು. ರುದ್ರಣ್ಣ ಗಾಜು ಹಾಕಿಸಿ ಗೋಡೆಗೇರಿಸಿದ. ಪುಟ್ಟಕ್ಕ ವಾರಕ್ಕೊಮ್ಮೆ ಅದನ್ನು ಕೆಳಗಿಳಿಸಿ, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕತೊಡಗಿದರು. ಗಾಜಿನ ತುಂಬ ಗೀರು ಬಿದ್ದು, ಅದರೊಳಗೆ ಏನು ಬರೆದಿದೆಯೆಂದು ಈಗ ಯಾರಿಗೂ ಓದಲಾಗುವುದಿಲ್ಲ. ನಾನು ಹೊಳೆಯುವ ಲೋಟ ಎತ್ತಿ ಮೀಸೆ ತಿದ್ದಿಕೊಳ್ಳಲು ಹೋಗುತ್ತೇನೆ, ಅದರಲ್ಲಿ ಕಂಡ ಮುಖಕ್ಕೆ ನನಗೇ ನಗು ಬರುತ್ತದೆ.