ಶಿರೆತೊಕೊದಲ್ಲಿ ಕಾಗೆಗಿಟ್ಟ ಅನ್ನ

ಜಪಾನಿನ ಈಶಾನ್ಯದ ತುದಿಯಲ್ಲಿ, ಸಮುದ್ರಕ್ಕೆ ಚಾಚಿಕೊಂಡ ಶಿರೆತೊಕೊ ಕಾಡಿನಲ್ಲಿ, ಪ್ರವಾಸಿಗರಿಗೆ ದಾರಿ ತೋರಿಸುವುದು ಮೈಸೂರಿನ ವೇದವಲ್ಲಿಯ ಕೆಲಸ. ಒಕಾಜಾಕಿ ಎಂಬ ಊರಿನ ಪ್ರಯೋಗಾಲಯದ ಕೆಲಸಕ್ಕೆಂದು ಜಪಾನಿಗೆ ಬಂದವಳು ಒಂದು ಬೇಸಿಗೆಯಲ್ಲಿ ಈ ಕಾಡು ನೋಡಿದಳು, ಹಿಂದಿರುಗಲೇ ಇಲ್ಲ. ಉರಯಾಸು ಪಟ್ಟಣದಲ್ಲಿ ನೆಲೆಸಿ ಇಲ್ಲಿಗೆ ಪ್ರವಾಸ ಬರುವ ನಮ್ಮ ದೇಶದವರಿಗೆಲ್ಲ ಅವಳು ಕೈಮುಗಿದು ಹೇಳುತ್ತಿದ್ದುದು ಒಂದೇ: ಚಕ್ಕುಲಿಯ ಚೂರೂ ಕೆಳಗೆ ಬೀಳಬಾರದು. ಮನುಷ್ಯರ ಊಟದ ರುಚಿ ಕಂಡ ಕರಡಿ ಬಾಗಿಲಿಗೆ ಬರುತ್ತದೆ, ಬಾಗಿಲಿಗೆ ಬಂದ ಕರಡಿಗೆ ಗುಂಡೇ ಗತಿ.

ಕೊರೊನಾದ ಎರಡನೇ ಅಲೆಯಲ್ಲಿ ಅವಳಪ್ಪ ರಾಮಪ್ರಸಾದ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಯಾರೋ ಸುಟ್ಟರು. ತಂಗಿ ಯಾಮಿನಿಗೂ ಸೋಂಕು, ಕೋಣೆ ಬಿಟ್ಟು ಬರುವಂತಿರಲಿಲ್ಲ. ವೇದವಲ್ಲಿ ಹೊರಟರೆ ಜಪಾನಿಗೆ ಮರಳುವ ದಾರಿ ಮುಚ್ಚಿತ್ತು. ಅವಳು ಹೊರಡಲಿಲ್ಲ, ಅದಕ್ಕಾಗಿ ತನ್ನನ್ನು ತಾನೇ ಶಪಿಸಿಕೊಂಡಳು.

ಹತ್ತನೇ ದಿನ ಕಾಗೆ ಪಿಂಡ ಮುಟ್ಟದಿದ್ದರೆ ಅಪ್ಪ ಹಸಿದೇ ಅಲೆಯುತ್ತಾರೆಂದು ಯಾಮಿನಿ ಫೋನಿನಲ್ಲಿ ಅತ್ತಳು. ಇಂಥದ್ದನ್ನೆಲ್ಲ ಎಂದೂ ನಂಬದ ವೇದವಲ್ಲಿ ಅಂದು ನಂಬಿದಳು. ಅನ್ನಕ್ಕೆ ಎಳ್ಳು ಕಲಸಿ, ಉಂಡೆ ಕಟ್ಟಿ, ತನ್ನ ವಸತಿಯ ಹಿಂದಿನ ಬಂಡೆಯ ಮೇಲಿಟ್ಟಳು. ಕಾಗೆ ಮುಟ್ಟಿದೊಡನೆ ಎತ್ತಿಬಿಡುವುದೆಂದು ಕಾವಲು ನಿಂತಳು. ಕಾಗೆಗಳೋ, ಮರದ ಮೇಲೆ ಕೂತು ಇವಳನ್ನೇ ನೋಡುತ್ತಿದ್ದವು. ಆಳು ಕಂಡರೆ ಇಳಿಯವೆಂದು ಸ್ವಲ್ಪ ಹೊತ್ತು ಒಳಗೆ ಹೋದಳು. ಬಂದು ನೋಡಿದರೆ ಬಂಡೆ ಖಾಲಿ, ಕರಗದೆ ಉಳಿದ ಹಿಮದಲ್ಲಿ ಕರಡಿಯ ಹೆಜ್ಜೆ.

ಮರಿಯಾಗಿದ್ದಾಗಿನಿಂದ ಅವಳು ಬಲ್ಲ ಹರಿದ ಕಿವಿಯ ಹೆಣ್ಣು ಕರಡಿ ಅದು. ಮರುದಿನ ಬಂದು ಬಂಡೆ ಮೂಸಿತು. ಆಮೇಲೆ ಪಕ್ಕದ ಮೀನುಗಾರನ ಅಡುಗೆಮನೆಯ ಕಿಟಕಿ ಮುರಿಯಿತು. ಕಾವಲು ತಂಡದವರು ಪಟಾಕಿ ಹೊಡೆದರು, ರಬ್ಬರ್ ಗುಂಡು ಹೊಡೆದರು. ಅದು ಓಡಿಹೋಗಿ ಮತ್ತೆ ಬಂತು. ವೇದವಲ್ಲಿ ತಂಡದ ಮುಖ್ಯಸ್ಥ ಕುಡೊ ಸಾನ್ ಮುಂದೆ ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು, ಶಿಕ್ಷೆ ನನಗಿರಲಿ ಎಂದು ಬೇಡಿಕೊಂಡಳು. ಅವರು ಬೈಯಲಿಲ್ಲ.

"ನಿಮಗೆ ಶಿಕ್ಷೆ ಕೊಟ್ಟರೆ ಅದು ಅನ್ನದ ರುಚಿ ಮರೆಯುತ್ತದೆಯೇ?" ಎಂದರು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಸುಳ್ಳು. ಇಲ್ಲಿ ಮಾಡಿದವಳು ಒಬ್ಬಳು, ಉಂಡದ್ದು ಇನ್ನೊಂದು. ಆ ಬಂಡೆಯ ಬಳಿಯೇ ಕರಡಿಯನ್ನು ಗುಂಡಿಕ್ಕಿ ಕೊಂದರು.

ಅಂದು ಸಂಜೆ, ಜ್ವರ ಇಳಿದ ಯಾಮಿನಿ ಫೋನ್ ಮಾಡಿ ಕಾಗೆ ಮುಟ್ಟಿತೇ ಎಂದು ಕೇಳಿದಳು. ಕಾಗೆಯಲ್ಲ, ಕರಡಿ ತಿಂದಿತು ಎಂದಷ್ಟೇ ವೇದವಲ್ಲಿ ಹೇಳಿದಳು.

"ಹಾಗಾದ್ರೆ ಅಪ್ಪನೇ ಬಂದಿದಾರೆ ಕಣೇ. ಹೊಟ್ಟೆ ತುಂಬ ತಿಂದ್ರಲ್ಲ, ಸಾಕು. ಇವತ್ತು ನಂಗೆ ನಿದ್ದೆ ಬರುತ್ತೆ. ಆಮೇಲೆ ಮತ್ತೆ ಬಂದಿದ್ರಾ?"

"ಬಂದಿದ್ರು," ಎಂದಳು ವೇದವಲ್ಲಿ.