ಏಕಾದಶಿಯ ಗುಳಿಗೆ

ಕಾಲೇಜಿನಲ್ಲಿ ವರ್ಷಗಟ್ಟಲೆ ಬ್ಯಾಕ್ಟೀರಿಯಾಗಳ ಪಾಠ ಮಾಡಿದ್ದೇನೆ. ಮನೆಯಲ್ಲಿ ಅದೇ ಪಾಠವನ್ನು ನಮ್ಮ ಅತ್ತೆಗೆ ಒಂದೇ ಒಂದು ಸಲ ಮಾಡಿದೆ, ಸಾಕೋ ಸಾಕಾಯಿತು.

ಅತ್ತೆಗೆ ಮೂತ್ರದ ಸೋಂಕು ಮೇಲಿಂದ ಮೇಲೆ ಬರುತ್ತಿತ್ತು. ರಾಯಚೂರಿನ ಬಿಸಿಲಲ್ಲೂ ಅವರಿಗೆ ನೀರು ಕುಡಿಯಲು ಬೇಸರ. "ಗುಳಿಗಿ ಒಂದು ಹೊತ್ತೂ ತಪ್ಪಬಾರದು, ಈ ಸಲ ಕಿಡ್ನಿಗೆ ಏರಿದ್ರ ಜೀವಕ್ಕ ಕಷ್ಟ" ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದರು. ಅತ್ತೆಯ ಮುಖ ನೋಡಿ ಹೇಳಬೇಕಿತ್ತು. ಉರಿ ಕಡಿಮೆಯಾದರೆ ಸಾಕು, ಅವರ ಪಾಲಿಗೆ ರೋಗ ಹೋದಂತೆಯೇ. ಸಾಲದ್ದಕ್ಕೆ ದೇವದುರ್ಗದಿಂದ ನಾದಿನಿಯ ಫೋನು: "ಬಾರ್ಲಿ ನೀರು ಕುಡಸ್ರಿ ವೈನಿ, ಎಲ್ಲಾ ತೊಳಕೊಂಡು ಹೋಗ್ತದ."

ಅದಕ್ಕೇ ಪಾಠಕ್ಕೆ ಕೂತೆ. ಈ ಸೋಂಕು ತರುವ ಬ್ಯಾಕ್ಟೀರಿಯಾದ ಮೈತುಂಬ ಕೂದಲಿನಂಥ ಎಳೆಗಳಿವೆ, ಅವುಗಳ ತುದಿಯಲ್ಲಿ ಅಂಟುವ ಪ್ರೋಟೀನು. ಅದರಿಂದಲೇ ಅದು ಮೂತ್ರಚೀಲದ ಗೋಡೆ ಹಿಡಿದು ಕೂರುತ್ತದೆ. ಹರಿವು ಎಳೆದಾಗ ಆ ಪ್ರೋಟೀನಿನ ಆಕಾರ ಬದಲಾಗಿ ಹಿಡಿತ ಇನ್ನೂ ಬಿಗಿಯಾಗುತ್ತದೆ; ಎಳೆತ ನಿಂತರೆ ಸಡಿಲ. ತೇಲಾಡುವವನ್ನು ಕೊಚ್ಚಿಹಾಕಲು ನೀರು ಬೇಕೇ ಬೇಕು, ಆದರೆ ಕಚ್ಚಿಕೊಂಡವಕ್ಕೆ ಗುಳಿಗೆಯೇ ಆಗಬೇಕು.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು. "ನಮ್ಮ ಮಾನವಿ ಭಾವಿಯೊಳಗ ಕೊಡಕ್ಕ ಹಗ್ಗದ ಜೀರುಗುಣಿಕಿ ಹಾಕ್ತಿದ್ದಿವಿ. ಜಗ್ಗಿದಷ್ಟು ಬಿಗೀತದ, ಬಿಟ್ರ ಸಡಲ. ಹಂಗ, ಹೌದಲ್ಲ?"

ನನಗೆ ಖುಷಿಯೋ ಖುಷಿ. ನನ್ನ ವಿದ್ಯಾರ್ಥಿಗಳಿಗೂ ಇದು ಇಷ್ಟು ಬೇಗ ತಲೆಗೆ ಹತ್ತಿರಲಿಲ್ಲ.

ಗುಳಿಗೆ ಮುಗಿಯುವ ಮೊದಲೇ ಏಕಾದಶಿ ಬಂತು. ಅತ್ತೆಯದು ಹನಿ ನೀರೂ ಮುಟ್ಟದ ಉಪವಾಸ. ಆ ದಿನದ ಗುಳಿಗೆಗಳನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟುಬಿಟ್ಟಿದ್ದರು. "ನಾಳಿ ದ್ವಾದಶಿ ಪಾರಣಿ ಆದ್ಮ್ಯಾಲ ಎಲ್ಲಾ ಕೂಡೇ ತೊಗೋತೀನಿ."

"ಗುಳಿಗಿ ಹಂಗ ಕೂಡಿಟ್ಟು ನುಂಗೂದಲ್ರೀ ಅತ್ಯಾ! ನೀರರೆ ಕುಡೀರಿ!"

"ನೀನ ಹೇಳಿದೆಲ್ಲ, ನೀರು ಹರದ್ರ ಬಿಗಿ ಹಿಡೀತಾವ ಅಂತ? ಇವತ್ತು ನೀರೇ ಇಲ್ಲ. ತಾವ ಸಡಲ ಬಿಟ್ಟು ಹೋಗ್ತಾವ."

ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಸಡಿಲ ಬಿಟ್ಟವು ಮನೆ ಖಾಲಿ ಮಾಡುವುದಿಲ್ಲ, ಜಾಗ ಬದಲಿಸಿ ಹಬ್ಬುತ್ತವೆ, ಮೇಲಕ್ಕೇರುತ್ತವೆ ಎಂದು ಒದರಿದೆ. ನಾನು ಒದರಿದಷ್ಟೂ ಅವರು ಬಾಯಿ ಬಿಗಿ ಹಿಡಿದರು. ಪೇಪರಿನ ಹಿಂದಿನಿಂದ ನನ್ನ ಗಂಡ, "ಅವ್ವ ಹೇಳೂದ್ರೊಳಗೂ ಲಾಜಿಕ್ ಅದ" ಎಂದರು. ಮೈಯೆಲ್ಲ ಉರಿದುಹೋಯಿತು. ಲಾಜಿಕ್ಕಂತೆ!

ಮಧ್ಯಾಹ್ನಕ್ಕೆ ಚಳಿ ಶುರುವಾಯಿತು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಅತ್ತೆ ಎರಡು ಕೌದಿ ಹೊದ್ದು ಗಡಗಡ ನಡುಗುತ್ತಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಬೈದೆ. ಅವರನ್ನು, ಗಂಡನನ್ನು, ನಾದಿನಿಯ ಬಾರ್ಲಿಯನ್ನು. ಹೆದರಿಕೆಯಾದರೆ ನನಗೆ ಬೈಗುಳವೇ ಬರುವುದು.

ಮಂಚದ ಮೇಲೆ ಮಲಗಿಸಿ ನರ್ಸಮ್ಮ ಸಲೈನಿಗೆ ಸೂಜಿ ತಂದಳು. ಅಷ್ಟು ಜ್ವರದಲ್ಲೂ ಅತ್ತೆ ಕೇಳಿದರು, "ಬಾಯಿಗೆ ಹಾಕೂದಲ್ಲ ಹೌದಲ್ಲ?"

"ಅಲ್ರೀ. ನಿಮ್ಮ ಏಕಾದಶಿ ಎಲ್ಲೂ ಹೋಗೂದಿಲ್ಲ" ಎಂದೆ, ಹಲ್ಲು ಕಚ್ಚಿ.

ಅವರ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. "ಕೈ ಬಿಡ್ರಿ ಅಮ್ಮಾ, ಸೂಜಿ ಹಾಕಬೇಕು" ಎಂದಳು ನರ್ಸಮ್ಮ. ನಾನು ಎಳೆದುಕೊಂಡೆ. ಹಿಡಿತ ಬಿಗಿಯಾಯಿತು. ಇನ್ನಷ್ಟು ಎಳೆದೆ, ಬಳೆ ಚರ್ಮಕ್ಕೆ ಒತ್ತಿತು.

"ಬಿಟ್ಟು ಹೋಗಬ್ಯಾಡ" ಎಂದರು. "ನಂಗ ಅಂಜಿಕಿ ಆಗ್ಲಿಕ್ಕತ್ತದ."

ನನ್ನ ಮೇಲೆ ಇಷ್ಟು ವರ್ಷ ದನಿಯೇರಿಸಿದ್ದ ಬಾಯಿಂದ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಸಿಟ್ಟು ಇನ್ನೂ ಇತ್ತು. ಆದರೆ ಎಳೆಯುವುದನ್ನು ಬಿಟ್ಟೆ.

"ಸೂಜಿ ಆ ಕಡೀ ಕೈಗೆ ಹಾಕ್ರಿ" ಎಂದು ನರ್ಸಮ್ಮನಿಗೆ ಹೇಳಿ, ಸ್ಟೂಲು ಎಳೆದುಕೊಂಡು ಕೂತೆ.