ಇಸವಿ ಮರೆತ ರೌಟರ್

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿದ್ದರು. ಮಾತಿಗೊಮ್ಮೆ "ಯಾಕೆ?" ಎನ್ನುವ ಚಾಳಿಯಿಂದ ಅಂಟಿಕೊಂಡ ಹೆಸರು. ನಲವತ್ತು ದಾಟಿದ ಹೆಂಗಸು. ಬಸ್ಸು ಓಡಿಸುವ ಗಂಡ, ಬಾಯಿ ಜೋರಿನ ಅತ್ತೆ, ಇಷ್ಟೇ ಸಂಸಾರ.

ಕಂಪ್ಯೂಟರ್ ಜಾಲಕ್ಕೆ ಬೇಕಾದ ಹೊಸ, ಹಳೆಯ ಸಾಮಾನು ಮಾರುವ ಅಂಗಡಿ ಅದು. ಮೊದಲು ಅವಳು ಕೂರುತ್ತಿದ್ದದ್ದು ಮುಂದಿನ ಕೌಂಟರಿನಲ್ಲಿ. ಕೊಂಡವರು ನಾಲ್ಕು ದಿನ ಕಳೆಯುವುದರೊಳಗೆ ಪೆಟ್ಟಿಗೆ ಹೊತ್ತು ತಂದು, "ನಮ್ಮದಕ್ಕೆ ಇದು ಹೊಂದಲ್ಲ, ವಾಪಸ್ ತಗೊಳ್ಳಿ" ಅನ್ನುತ್ತಿದ್ದರು. ಬೇರೆಯವರಾಗಿದ್ದರೆ ತೆಗೆದಿಟ್ಟು ಸುಮ್ಮನಾಗುತ್ತಿದ್ದರು. ಇವಳು ಯಾಕೆ ಹೊಂದಲ್ಲ ಎಂದು ಪೆಟ್ಟಿಗೆಗೇ ಗಂಟುಬೀಳುತ್ತಿದ್ದಳು. ಊಟದ ಬಿಡುವಿನಲ್ಲಿ ಹಿಂದಿನ ಕೋಣೆಗೆ ಹೋಗಿ ತಂತಿ ಸಿಕ್ಕಿಸಿ ನೋಡುವಳು. ಕೊನೆಗೆ ಯಜಮಾನರೇ, "ಹೇಗೂ ಅಲ್ಲೇ ಇರ್ತೀಯ, ಇನ್ಮೇಲೆ ಅದೇ ನಿನ್ನ ಕೆಲಸ" ಎಂದು ಕೋಣೆಯನ್ನು ಅವಳಿಗೇ ಒಪ್ಪಿಸಿಬಿಟ್ಟರು.

ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಗುಂಟ ಕಬ್ಬಿಣದ ಕಪಾಟುಗಳು, ಪಕ್ಕದ ಟೈರ್ ಅಂಗಡಿಯ ಹಿತ್ತಲಿಗೆ ತೆರೆಯುವ ಒಂದು ಕಿಟಕಿ. ಆಸ್ಪತ್ರೆ, ಶಾಲೆಗಳ ಸೂರಿಗೆ ಅಂಟಿಕೊಂಡು ವೈ-ಫೈ ಕೊಡುವ ಬಿಳಿ ಡಬ್ಬಿಗಳಿರುತ್ತವಲ್ಲ, ಆಕ್ಸೆಸ್ ಪಾಯಿಂಟ್‌ಗಳು, ಅವಕ್ಕೆ ಅಂಗಡಿಯವರ ಬಾಯಲ್ಲಿ ತಟ್ಟೆ ಎಂದು ಹೆಸರು. ದೊಡ್ಡ ಕಟ್ಟಡದಲ್ಲಿ ತಟ್ಟೆಗಳು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡುವುದಿಲ್ಲ. ರೌಟರಿನೊಳಗೆ ಕಂಟ್ರೋಲರ್ ಎಂಬ ಮೇಸ್ತ್ರಿ ಕೂತಿರುತ್ತಾನೆ. ಅವನು ಸೇರಿಸಿಕೊಂಡರೆ ಮಾತ್ರ ಕೆಲಸ. ಎಲ್ಲ ಮೇಸ್ತ್ರಿಗೂ ಎಲ್ಲ ತಟ್ಟೆಯೂ ಒಗ್ಗುವುದಿಲ್ಲ. ಯಾವುದಕ್ಕೆ ಯಾವುದು ಒಗ್ಗುತ್ತದೆಂದು ಕೂಡಿಸಿ ನೋಡಿ ಹೇಳುವುದೇ ಯಾಕಮ್ಮನ ಉದ್ಯೋಗ. ಒಗ್ಗಿದರೆ ತಟ್ಟೆಯ ದೀಪ ಹಸಿರಾಗಿ ನಿಲ್ಲುತ್ತದೆ, ಇಲ್ಲವಾದರೆ ಮಿಣಮಿಣ ಎನ್ನುತ್ತಲೇ ಇರುತ್ತದೆ.

ಒಂದು ಬೆಳಿಗ್ಗೆ ಗ್ರಂಥಾಲಯ ನೋಡಿಕೊಳ್ಳುವ ಹೆಂಗಸು ಬಟ್ಟೆಚೀಲದಲ್ಲಿ ಒಂದು ತಟ್ಟೆ ಸುತ್ತಿಕೊಂಡು ಬಂದರು.

"ನಮ್ಮ ರೌಟರ್ ಸುಟ್ಟೋಯ್ತು. ನಿಮ್ಮಲ್ಲಿರೋ ಹೊಸದನ್ನ ತಗೋಳೋಣ ಅಂತ. ಆದ್ರೆ ಸೂರಿನ ತುಂಬ ಇಂಥವೇ ಹಳೇವು ಇದಾವೆ. ಇವು ಅದಕ್ಕೆ ಹೊಂದ್ತಾವಾ?"

"ಕಂಪನಿಯವರು ಹೊಂದುತ್ತೆ ಅಂತಾನೇ ಹೇಳಿದ್ದಾರೆ. ಆದ್ರೂ ಇಟ್ಟು ಹೋಗಿ, ನೋಡಿಬಿಡ್ತೀನಿ" ಎಂದಳು.

ಹೊಸ ರೌಟರಿಗೆ ಕೂಡಿಸಿ ನೋಡಿದರೆ ದೀಪ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ತಂತಿ ಬದಲಿಸಿದಳು, ತಟ್ಟೆಯನ್ನು ಆರಿಸಿ ಹೊತ್ತಿಸಿದಳು. ಊಹೂಂ. ತಟ್ಟೆಯೇ ಕೆಟ್ಟಿದೆಯೇನೋ ಎಂದು ಕಪಾಟಿನ ತಳದಲ್ಲಿ ಧೂಳು ತಿನ್ನುತ್ತಿದ್ದ ಅದೇ ಕಂಪನಿಯ ಹಳೆಯ ರೌಟರ್ ತೆಗೆದು ಸಿಕ್ಕಿಸಿದಳು. ದೀಪ ಹಸಿರಾಗಿ ನಿಂತೇಬಿಟ್ಟಿತು.

ಯಜಮಾನರು ಇಣುಕಿ ನೋಡಿ, "ತಟ್ಟೆ ಹಳೇದು, ರೌಟರೂ ಹಳೇದು, ಒಗ್ಗಿದೆ. ಹೊಸದಕ್ಕೆ ಆಗಲ್ಲ ಅಂತ ಹೇಳಿ ಮುಗಿಸು" ಎಂದರು.

"ಎರಡರಲ್ಲೂ ಕೂತಿರೋ ಕಂಟ್ರೋಲರ್ ಒಂದೇ ಅಲ್ವಾ? ಅಲ್ಲಿ ಸೇರಿಸ್ಕೊಂಡು ಇಲ್ಲಿ ಬೇಡ ಅನ್ನೋದು ಯಾಕೆ?"

"ಶುರುವಾಯ್ತಪ್ಪ" ಎಂದು ಯಜಮಾನರು ಕೈಮುಗಿದು ಹೊರಟರು.

ಆ ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತ ಅತ್ತೆ ಕೇಳಿದರು, "ಏನೇ, ಮುಖ ಗಂಟುಹಾಕ್ಕೊಂಡಿದ್ದೀಯ?"

"ಒಂದು ಡಬ್ಬಿ ಮಾತು ಕೇಳ್ತಿಲ್ಲ ಅತ್ತೆ."

"ನನ್ನ ಮಗನೂ ಒಂದೊಂದಿನ ಊಟ ಬೇಡ ಅಂತಾನೆ. ಹಸಿವಿಲ್ಲ ಅಂತಲ್ಲ, ದಾರೀಲಿ ಯಾರ ಜೊತೆನೋ ಜಗಳ ಆಡಿ ಬಂದಿರ್ತಾನೆ. ಬೇಡ ಅನ್ನೋದಕ್ಕೆ ಮುಂಚೆ ಏನಾಯ್ತು ಅಂತ ವಿಚಾರಿಸು."

ಗಂಡ ಒಳಗಿನಿಂದಲೇ, "ನನ್ನನ್ನ ಯಾಕೆ ಎಳೀತೀರಿ ಮಧ್ಯಕ್ಕೆ?" ಎಂದ. ಯಾಕಮ್ಮನಿಗೆ ನಗು ಬಂತು. ಅತ್ತೆಯ ಮಾತೇನೋ ಸರಿ ಅನ್ನಿಸಿತು.

ಮರುದಿನ ಎರಡು ರೌಟರ್‌ಗಳನ್ನೂ ಅಕ್ಕಪಕ್ಕ ಇಟ್ಟು, ತಾವು ಮಾಡಿದ್ದನ್ನೆಲ್ಲ ಅವು ಕಂಪ್ಯೂಟರ್ ತೆರೆಯ ಮೇಲೆ ಒದರುವ ಸಾಲುಗಳನ್ನು ಮೊದಲಿನಿಂದ ಓದತೊಡಗಿದಳು. ಪ್ರತಿ ಸಾಲಿನ ತಲೆಯಲ್ಲೂ ತಾರೀಖು ಇರುತ್ತದೆ. ದಿನವೂ ನೋಡುವ ಕಣ್ಣು ಅದನ್ನು ಹಾರಿಸಿಕೊಂಡೇ ಹೋಗುತ್ತದೆ. ಈ ಸಲ ಹಾರಲಿಲ್ಲ. ಹಳೆಯ ರೌಟರ್ ಏಳೆಂಟು ವರ್ಷ ಹಿಂದಿನ ಇಸವಿ ತೋರಿಸುತ್ತಿತ್ತು. ಒಳಗಿನ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ ಸತ್ತು, ಹೊತ್ತಿಸಿದಾಗಲೆಲ್ಲ ಅದು ಅದೇ ಇಸವಿಗೆ ಮರಳುತ್ತಿತ್ತು.

ಸರಿಪಡಿಸೋಣವೆಂದು ಕೈ ಚಾಚಿದವಳು ಹಿಂದೆಗೆದಳು. ಇದನ್ನು ಮುಂದಕ್ಕೆ ತರುವ ಬದಲು ಹೊಸದನ್ನೇ ಹಿಂದಕ್ಕೆ ಕಳಿಸಿದರೆ? ಸರಿಯಾದ ತಾರೀಖನ್ನು ತಾನೇ ತಂದುಕೊಳ್ಳದ ಹಾಗೆ ಹೊಸ ರೌಟರಿನ ಇಂಟರ್‌ನೆಟ್ ತಂತಿ ಕಿತ್ತು, ಅದಕ್ಕೂ ಆ ಹಳೆಯ ಇಸವಿಯನ್ನೇ ಕೊಟ್ಟು, ತಟ್ಟೆಯ ದೀಪವನ್ನೇ ದಿಟ್ಟಿಸುತ್ತ ನಿಂತಳು. ಮಿಣಮಿಣ ಎಂದಿತು, ಆರಿತು, ಮತ್ತೆ ಹೊತ್ತಿತು. ಹಸಿರು!

"ಯಜಮಾನ್ರೇ!"

ಅವಳ ಕೂಗಿಗೆ ಯಜಮಾನರು ಏನೋ ಸುಟ್ಟಿತೆಂದು ಓಡಿಬಂದರು. "ಏನ್ ಮಾಡ್ದೆ?"

"ಇಸವಿ ಸುಳ್ಳು ಹೇಳ್ದೆ. ನಂಬಿಬಿಡ್ತು!"

ಇಬ್ಬರೂ ಕೂತು ಕೆದಕಿದರು. ತಟ್ಟೆಯೊಳಗೆ ಕಾರ್ಖಾನೆಯವರು ಇಟ್ಟ ಗುರುತಿನ ಚೀಟಿಯೊಂದಿತ್ತು, ಅದಕ್ಕೊಂದು ಕೊನೆಯ ದಿನಾಂಕವೂ ಇತ್ತು. ಅದು ಹೋದ ವರ್ಷವೇ ಮುಗಿದಿತ್ತು. ಹೊಸ ರೌಟರ್ ಚೀಟಿ ನೋಡಿ ಬಾಗಿಲಲ್ಲೇ ತಡೆಯುತ್ತಿತ್ತು. ಹಳೆಯದಕ್ಕೆ ಇಸವಿಯೇ ಮರೆತುಹೋಗಿದ್ದರಿಂದ ಒಳಗೆ ಬಿಡುತ್ತಿತ್ತು.

"ಅವರಿಗೂ ಇಸವಿ ಹಿಂದಕ್ಕಿಟ್ಟೇ ಕೊಟ್ರೆ?" ಎಂದಳು.

"ಮಿಕ್ಕಿದ್ದೆಲ್ಲ ಎಡವಟ್ಟಾಗುತ್ತೆ. ತಾಳು" ಎಂದು ಯಜಮಾನರು ತಲೆ ಕೆರೆದುಕೊಂಡರು. ಚೀಟಿಯ ಅವಧಿ ನೋಡಬೇಡ ಎಂದು ಕಂಟ್ರೋಲರಿಗೆ ಹೇಳುವ ಒಂದು ಆಜ್ಞೆ ಇದೆಯೆಂದು ಅವರಿಗೆ ಮಸುಕಾಗಿ ನೆನಪಿತ್ತು. ಹುಡುಕಿ ತೆಗೆದದ್ದೂ ಅವರೇ. ಈ ವರ್ಷದ ಇಸವಿಯಲ್ಲೇ ದೀಪ ಹಸಿರಾಯಿತು.

ಗ್ರಂಥಾಲಯದಾಕೆ ಬಂದಾಗ ಯಾಕಮ್ಮ ಏನನ್ನೂ ಮುಚ್ಚಿಡಲಿಲ್ಲ. "ಹೊಂದುತ್ತೆ. ಆದ್ರೆ ಅವಧಿ ಮುಗಿದ ಚೀಟೀನ ಕಂಡೂ ಕಾಣದ ಹಾಗೆ ಬಿಡಬೇಕು. ಕಾವಲು ಅಷ್ಟರ ಮಟ್ಟಿಗೆ ಸಡಿಲ ಆಗುತ್ತೆ."

ಆಕೆ ಸ್ವಲ್ಪ ಯೋಚಿಸಿ, "ಓದೋ ಕೋಣೆಗಳಿಗೆ ನಡೆಯುತ್ತೆ. ನಮ್ಮ ಆಫೀಸಿನೊಳಗೆ ಮಾತ್ರ ಹೊಸದೇ ಹಾಕ್ಸೋಣ" ಎಂದರು. ಹಾಗೆಯೇ ಆಯಿತು. ಯಾಕಮ್ಮನೇ ಏಣಿ ಹತ್ತಿ, ಓದುವವರು ತಲೆಯೆತ್ತದ ಹಾಗೆ ಸದ್ದಿಲ್ಲದೆ ಒಂದೊಂದೇ ದೀಪ ನೋಡಿಬಂದಳು.

ಆದರೂ ಒಂದು ವಿಷಯ ತಲೆ ತಿನ್ನುತ್ತಲೇ ಇತ್ತು. ಆ ಕೊನೆಯ ದಿನಾಂಕ ಗೊತ್ತುಮಾಡಿದವರು ಯಾರು? ಯಾಕೆ ಅಷ್ಟೇ ವರ್ಷ? ತಟ್ಟೆ ಮಾಡಿದ ಕಂಪನಿಗೆ ಫೋನ್ ಮಾಡಿದಳು. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಇನ್ನೊಬ್ಬರು ಮಗದೊಬ್ಬರಿಗೆ. ಹಲವು ದಿನ ಬಿಡದೆ ಬೆನ್ನುಹತ್ತಿದ ಮೇಲೆ ನಿವೃತ್ತನಾದ ಎಂಜಿನಿಯರ್ ಒಬ್ಬ ತಾನಾಗಿಯೇ ಕರೆಮಾಡಿದ.

"ನಾವು ನಾಲ್ಕೈದು ಜನ ಕೂತು ಮಾತಾಡಿದ್ವಿ. ಅಷ್ಟು ವರ್ಷ ಇದನ್ನ ಯಾರು ಇಟ್ಕೋತಾರೆ ಅಂತ ನಕ್ಕು ಒಂದು ಅಂಕಿ ಬರೆದ್ವಿ, ಅಷ್ಟೇ" ಎಂದ. ಆಮೇಲೆ ದನಿ ಬದಲಾಯಿತು. "ನಿಜವಾಗ್ಲೂ ಇನ್ನೂ ಓಡ್ತಿದಾವಾ?"

"ಓದೋ ಕೋಣೆ ತುಂಬ ಓಡ್ತಿದಾವೆ."

"ಮುಚ್ಚಳ ಹಳದಿಯಾಗಿದೆಯಾ? ಬಿಸಿಯಾಗುತ್ತಾ?" ಈಗ ಪ್ರಶ್ನೆಗಳೆಲ್ಲ ಅವನವೇ. ಕೋಣೆಯ ಕಿಟಕಿಗೆ ಒರಗಿಕೊಂಡು, ಅವನು ಸಾಕೆನ್ನುವವರೆಗೂ ಯಾಕಮ್ಮ ಒಂದೊಂದಕ್ಕೂ ಉತ್ತರ ಹೇಳಿದಳು.